ಹತ್ತರಲ್ಲಿ ಎರಡು

ಮಾರ್ಚ್ ೪, ಧ್ವನಿ ಸಂದೇಶ

ಪುಟ್ಟಿ, ಅಣ್ಣ ಕಣೇ. ಕಾರಲ್ಲಿ ಕೂತು ಮಾತಾಡ್ತಿದ್ದೀನಿ. ಡ್ರೈವಿಂಗ್ ಕಲಿಯಕ್ಕೆ ಬರೋ ಬ್ಯಾಂಕ್ ಮೇಡಮ್ಮು ಇನ್ನೂ ಬಂದಿಲ್ಲ. ಬರೆದು ಕಳಿಸು ಬರೆದು ಕಳಿಸು ಅಂತ ನೀನು ಬಡ್ಕೋತೀಯ, ಗೊತ್ತು. ಬರೆಯಕ್ಕೆ ಕೂತ್ರೆ ನನ್ನ ಸಿಟ್ಟು ಅರ್ಧ ದಾರೀಲೇ ಆರಿಹೋಗುತ್ತೆ. ಇವತ್ತಿನ ಸಿಟ್ಟು ಆರಬಾರದು.

ನಿಮ್ಮ ಅತ್ತಿಗೆ ಇಂಜೆಕ್ಷನ್ನಿಗೆ ವಿಮಾ ಕಂಪನಿ ಆಗಲ್ಲ ಅಂದುಬಿಟ್ಟಿದೆ. 'ಅಗತ್ಯ ಕಂಡುಬಂದಿಲ್ಲ.' ಅಷ್ಟೇ! ಯಾರಿಗೆ ಕಂಡುಬಂದಿಲ್ಲ? ಬಂದು ನೋಡಿದೋರು ಯಾರು?

ಅವಳ ಬೆರಳು ನೀನೇ ನೋಡಿದ್ದೀಯಲ್ಲ. ಗೆಣ್ಣು ಗೆಣ್ಣೂ ಊದ್ಕೊಂಡಿದೆ. ಬೆಳಿಗ್ಗೆ ಪೇಸ್ಟಿನ ಮುಚ್ಚಳ ತಿರುಗಿಸಕ್ಕಾಗಲ್ಲ ಅಂತ ನಾನೇ ಮೊದಲೇ ತೆಗೆದಿಟ್ಟಿರ್ತೀನಿ. ಅವಳು, ಇವರು ಇವತ್ತೂ ಮುಚ್ಚಿಲ್ಲ ನೋಡು ಅಂತ ಬೈತಾಳೆ. ಬೈಯ್ಲಿ ಬಿಡು. ಬೇರೆಯವರಿಗೆ ಬೆರಳು ನೋವು ಅಂದ್ರೆ ಬರೀ ಬೆರಳು ನೋವು. ಇವಳು ಕಿವಿ ಕೇಳಿಸದ ಮಕ್ಕಳಿಗೆ ಟೀಚರು. ಪಾಠ ಹೇಳೋದು, ಗದರೋದು, ಮುದ್ದು ಮಾಡೋದು ಎಲ್ಲಾ ಕೈಯಲ್ಲೇ. ಕೈ ನಿಂತ್ರೆ ಬಾಯಿ ಹೊಲಿದ ಹಾಗೆ. ಕೀಲು ಡಾಕ್ಟ್ರು ಖಡಾಖಂಡಿತ ಹೇಳಿದ್ದಾರೆ, ಮಾತ್ರೆ ಸಾಲಲ್ಲ, ಈ ಇಂಜೆಕ್ಷನ್ನೇ ಬೇಕು, ತಡ ಮಾಡಿದ್ರೆ ಬೆರಳು ಸೊಟ್ಟಗೆ ಕೂತುಬಿಡುತ್ತೆ, ಆಮೇಲೆ ನೆಟ್ಟಗಾಗಲ್ಲ ಅಂತ. ಅದೇನು ಮೂಲೆ ಅಂಗಡೀಲಿ ಸಿಗೋ ಔಷಧಿಯಾ? ಕಂಪನಿ ಹೂಂ ಅನ್ನಬೇಕು, ಆಮೇಲೆ ಇನ್ನೊಂದು ಕಂಪನಿ ಐಸ್ ಪೆಟ್ಟಿಗೇಲಿ ಇಟ್ಟು ಕಳಿಸಬೇಕು. ನಾವೇ ಕೈಯಿಂದ ಕೊಟ್ಟು ತಗೊಳ್ಳೋಣ ಅಂದ್ರೆ ಈ ಕಾರು ಮಾರಿದ್ರೂ ವರ್ಷ ಪೂರ್ತಿ ಬರಲ್ಲ.

ಫೋನ್ ಮಾಡಿದ್ರೆ ಒಂದು ಹೆಣ್ಣು ಧ್ವನಿ, 'ನಿಮ್ಮ ಕರೆ ನಮಗೆ ಅಮೂಲ್ಯ' ಅನ್ನುತ್ತೆ. ಆಮೇಲೆ ಸಂಗೀತ. ಮತ್ತೆ 'ನಿಮ್ಮ ಕರೆ ನಮಗೆ ಅಮೂಲ್ಯ'. ಅವಳಿಗೆ ಅಮೂಲ್ಯ ಅಂತಲೇ ಹೆಸರಿಟ್ಟಿದ್ದೀನಿ. ಈ ವಾರ ಅಮೂಲ್ಯನ ಜತೆ ಕಳೆದಷ್ಟು ಹೊತ್ತು ಹೆಂಡತಿ ಜತೆ ಕಳೆದಿಲ್ಲ.

ಒಂದು ಮಾತು. ಆಗಲ್ಲ ಅಂದಿದ್ದು ನಮ್ಮ ಟೀಚರಿಗೆ ಹೇಳಿಲ್ಲ. ಪೆಟ್ಟಿಗೆ ದಾರೀಲಿದೆ, ಸ್ವಲ್ಪ ತಡ ಅಂದಿದ್ದೀನಿ. ನೀನೂ ಬಾಯಿ ಬಿಡಬೇಡ. ಹಾಂ, ಬಂದ್ರು ಮೇಡಮ್ಮು. ಬನ್ನಿ, ಬನ್ನಿ. ಅದು ನನ್ನ ಸೀಟು ಮೇಡಂ, ನಿಮ್ಮದು ಆ ಕಡೆ.

ಮಾರ್ಚ್ ೫

ಅಣ್ಣಾ,

ಊಟದ ಬಿಡುವಿನಲ್ಲಿ ನಿನ್ನ ಧ್ವನಿ ಕೇಳಿದೆ. ಊಟ ಮುಗಿಯಿತು, ನೀನು ಮುಗಿಯಲಿಲ್ಲ. ಕೌಂಟರಿನ ಹಿಂದೆ ನಿಂತು ಉಳಿದದ್ದನ್ನು ಕೇಳುತ್ತಿದ್ದಾಗ ಫೋನು ತಾನಾಗಿ ಜೋರಾಗಿ, 'ಅದು ನನ್ನ ಸೀಟು ಮೇಡಂ' ಎಂದು ಇಡೀ ಔಷಧಿ ವಿಭಾಗಕ್ಕೇ ಕೇಳಿಸಿತು.

ಇಂಥ ದುಬಾರಿ ಔಷಧಿಗಳಿಗೆ ಕಂಪನಿಗಳಿಂದ ಒಪ್ಪಿಗೆ ತರುವುದೇ ಈ ಆಸ್ಪತ್ರೆಯಲ್ಲಿ ನನ್ನ ಕೆಲಸ. ಆದ್ದರಿಂದ ಸ್ವಲ್ಪ ನನ್ನ ಮಾತು ಕೇಳು. ಅವರ ಮೇಲೆ ಕಿರುಚಬೇಡ. ಏನನ್ನು ಆಧರಿಸಿ ಬೇಡವೆಂದಿರಿ ಎಂದು ಕೇಳು. ಕೇಳಿದರೆ ಹೇಳಲೇಬೇಕು.

ಇನ್ನೊಂದು. ನೋವು ಹೇಗಿದೆ ಎಂದು ಅಲ್ಲಿನ ಆಸ್ಪತ್ರೆಯವರು ವಿಚಾರಿಸಿದಾಗ ಅತ್ತಿಗೆ ಏನು ಹೇಳುತ್ತಾರೆ?

ನನಗೆ ನಲವತ್ತಾರು ವರ್ಷ. ಪುಟ್ಟಿ ಅನ್ನುವುದನ್ನು ಬಿಡು.

ಮಾರ್ಚ್ ೯, ಧ್ವನಿ ಸಂದೇಶ

ನಲವತ್ತಾರು ವರ್ಷದ ಪುಟ್ಟಿ, ಕೇಳು. ಅಮೂಲ್ಯನ್ನ ದಾಟಿ ಒಬ್ಬ ನಿಜವಾದ ಮನುಷ್ಯ ಸಿಕ್ಕಿದ. ಕಾರಣ ಓದಿದ. 'ಈಗಿನ ಮಾತ್ರೆಗಳಿಂದ ರೋಗಿ ಚೆನ್ನಾಗಿದ್ದಾರೆ. ನೋವು ಹತ್ತರಲ್ಲಿ ಎರಡು.'

ಎರಡಂತೆ ಕಣೇ ಎರಡು! ನಾನು ಅಂದೆ, ಸ್ವಾಮಿ, ಎರಡು ಅನ್ನೋದು ಸೊಳ್ಳೆ ಕಚ್ಚಿದ್ರೆ. ಇವಳು ಲೋಟ ಹಿಡಿಯಕ್ಕೆ ಎರಡು ಕೈ ಹಾಕ್ತಾಳೆ. ಈ ಎರಡು ನಿಮಗೆ ಎಲ್ಲಿಂದ ಬಂತು? ಅವನು, 'ಆಸ್ಪತ್ರೆಯಿಂದ ಬಂದಿದ್ದು ಸರ್' ಅಂದ. ಆಸ್ಪತ್ರೆಗೆ ಫೋನ್ ಮಾಡಿದ್ರೆ, 'ಕಂಪನಿಯವರನ್ನೇ ಕೇಳಿ ಸರ್.' ಇವರಿಬ್ಬರ ಮಧ್ಯೆ ನಾನು ಚೆಂಡು.

ನೀನು ಬೇರೆ, ಅತ್ತಿಗೆ ಏನು ಹೇಳಿದ್ಲು ಅಂತ ಕೇಳ್ತೀಯ. ಏನು ಹೇಳ್ತಾಳೆ? ಇರೋದು ಹೇಳಿರ್ತಾಳೆ! ಅಲ್ಲ, ಇಷ್ಟು ವರ್ಷ ಅವರ ಜತೆ ಕೆಲಸ ಮಾಡಿ ನೀನೂ ಅವರ ಕಡೆಯವಳೇ ಆಗಿಬಿಟ್ಯಾ? ಅವಳನ್ನೇ ಅನುಮಾನಿಸೋದಾ? ನನಗೆ ಬೇಜಾರಾಯ್ತು. ನಿಜವಾಗ್ಲೂ ಬೇಜಾರಾಯ್ತು. ಇಡ್ತೀನಿ.

ಇಡೋ ಮುಂಚೆ ಇನ್ನೊಂದು ವಿಷಯ. ಬೇಡ ಬಿಡು. ಇಡ್ತೀನಿ.

ಮಾರ್ಚ್ ೧೦

ಅಣ್ಣಾ,

ಅನುಮಾನವಲ್ಲ. ಅತ್ತಿಗೆಯಂಥವರು ದಿನವೂ ನನ್ನ ಮುಂದೆ ನಿಲ್ಲುತ್ತಾರೆ. ಹೆಚ್ಚು ಸಹಿಸುವವರೇ ಕಡಿಮೆ ಹೇಳುತ್ತಾರೆ. ಕೀಲು ಡಾಕ್ಟರು ಏನೇ ಬರೆದರೂ ಅವರ ಸಹಾಯಕಿ ಪ್ರತಿ ಸಲ ಒಂದಿಷ್ಟು ಪ್ರಶ್ನೆ ಕೇಳಿ ತುಂಬಿಸುವ ಉತ್ತರಗಳೂ ಜತೆಗೆ ಕಂಪನಿಗೆ ಹೋಗುತ್ತವೆ. ಬೇಡ ಎನ್ನಲು ನೆಪ ಹುಡುಕುವವರಿಗೆ ಒಂದು 'ಚೆನ್ನಾಗಿದ್ದೇನೆ' ಸಾಕು.

ಮುಂದಿನ ಭೇಟಿಗೆ ನೀನೂ ಒಳಗೆ ಹೋಗು. ಮೂಲೆಯಲ್ಲಿ ಕೂತು ನೋಡು. ಬಾಯಿ ತೆರೆಯಬೇಡ. ಇದು ನಿನಗೆ ಕಷ್ಟ, ಆದರೂ.

ಮಾರ್ಚ್ ೧೯, ಧ್ವನಿ ಸಂದೇಶ

ನೀನು ಹೇಳಿದ್ದೇ ಸರಿ. ಹಾಂ, ಹೇಳಿದೆ. ಎರಡನೇ ಸಲ ಹೇಳಲ್ಲ, ಬೇಕಾದ್ರೆ ಇದನ್ನೇ ತಿರುಗಿಸಿ ತಿರುಗಿಸಿ ಕೇಳಿಸ್ಕೋ.

ಇವತ್ತು ಡಾಕ್ಟ್ರ ಹತ್ರ ಹೋಗಿದ್ವಿ. ಬೆಳಿಗ್ಗೆ ಎದ್ದೋಳು ಮೊದಲು ನೋವಿನ ಮಾತ್ರೆ ನುಂಗಿದ್ಲು. ಯಾಕೇ ಅಂದ್ರೆ, 'ಡಾಕ್ಟ್ರ ಮುಂದೆ ನರಳಕ್ಕಾಗುತ್ತಾ ರೀ?' ಆಮೇಲೆ ಒಳ್ಳೆ ಸೀರೆ. ಪಿನ್ನು ನಾನೇ ಹಾಕಿದ್ದು, ಅವಳ ಬೆರಳಿಗೆ ಪಿನ್ನು ಒತ್ತಕ್ಕಾಗಲ್ಲ. ಮದುವೆಗೆ ಹೊರಟ ಹಾಗೆ ಹೊರಟ್ಲು.

ಒಳಗೆ ಡಾಕ್ಟ್ರ ಸಹಾಯಕಿ, ಚಿಕ್ಕ ಹುಡುಗಿ, ಕಂಪ್ಯೂಟರ್ ನೋಡ್ಕೊಂಡೇ, 'ಹೇಗಿದ್ದೀರಮ್ಮಾ?' ಅಂದ್ಲು.

'ಚೆನ್ನಾಗಿದ್ದೀನಮ್ಮಾ. ನಿಮ್ಮದು ಊಟ ಆಯ್ತಾ?'

'ಬೆಳಿಗ್ಗೆ ಕೈ ಹಿಡ್ಕೊಳ್ಳುತ್ತಾ?'

'ಅಯ್ಯೋ, ಸ್ವಲ್ಪ. ವಯಸ್ಸಾಯ್ತಲ್ಲ.'

'ನೋವು, ಹತ್ತರಲ್ಲಿ ಎಷ್ಟು?'

'ಎರಡು ಹಾಕ್ಕೊಳ್ಳಿ.'

ಎರಡು ಹಾಕ್ಕೊಳ್ಳಿ! ತರಕಾರಿ ಅಂಗಡೀಲಿ ನಿಂಬೆಹಣ್ಣು ಎರಡು ಹಾಕಿ ಅಂದ ಹಾಗೆ! ನಾನು ಮೇಜಿನ ಕೆಳಗಿಂದ ಅವಳ ಕಾಲು ಒತ್ತಿದೆ. ಅದು ಆ ಹುಡುಗಿ ಕಾಲು. ಆಮೇಲೆ ನಾನು ಆ ಹುಡುಗಿ ಕಡೆ ನೋಡ್ಲೇ ಇಲ್ಲ.

ಕಾರಲ್ಲಿ ಶುರುವಾಯ್ತು. ಏನೇ ಇದು, ಎರಡು? ಅಂದೆ. 'ಪಾಪ ಆ ಹುಡುಗಿ ಬೆಳಿಗ್ಗೆಯಿಂದ ಎಲ್ಲರ ಗೋಳೂ ಕೇಳಿರುತ್ತೆ, ನಂದೊಂದು ಸೇರಿಸ್ಲಾ?' ಅವಳಿಗೆ ಸಂಬಳ ಕೊಡೋದೇ ಗೋಳು ಕೇಳಕ್ಕೆ ಕಣೇ! 'ಕೊಟ್ಟ ಮಾತ್ರೆ ಕೆಲಸ ಮಾಡ್ಲಿಲ್ಲ ಅಂದ್ರೆ ಡಾಕ್ಟ್ರಿಗೆ ಬೇಜಾರಾಗಲ್ವಾ?' ಆಗ್ಲಿ ಬಿಡು, ಚೆನ್ನಾಗಿ ಆಗ್ಲಿ! 'ಔಷಧಿ ಹೇಗೂ ದಾರೀಲಿದೆಯಲ್ಲ ರೀ, ಈಗ್ಯಾಕೆ ರಂಪ?'

ಅದಕ್ಕೆ ನಾನು ಹಾರ್ನ್ ಹೊಡೆದೆ, ಮುಂದೆ ಯಾರೂ ಇರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಅವಳೇ ಅಂದ್ಲು. ಅವಳ ಅಮ್ಮನಿಗೆ ಕಿವಿ ಕೇಳಿಸ್ತಿರಲಿಲ್ಲ, ನಿನಗೆ ಗೊತ್ತಲ್ಲ. ಚಿಕ್ಕವಳಿದ್ದಾಗಿಂದ ಆಸ್ಪತ್ರೆಗೆ ಇವಳೇ ಜತೆಗೆ ಹೋಗೋಳು. ಅಮ್ಮ ಕೈಯಲ್ಲಿ ಹೇಳಿದ್ದನ್ನ ಇವಳು ಡಾಕ್ಟ್ರಿಗೆ ಬಾಯಲ್ಲಿ ಹೇಳಬೇಕು. 'ಅಮ್ಮನ ನೋವು ಒಂದು ಚೂರೂ ಬಿಡದೆ ಹೇಳ್ತಿದ್ದೆ ರೀ. ನಂದು ಹೇಳಬೇಕಾದ್ರೆ ಅದ್ಯಾಕೋ ಮಾತೇ ಬರಲ್ಲ' ಅಂದ್ಲು. ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ಇದು ಗೊತ್ತೇ ಇರಲಿಲ್ಲ ಕಣೇ ನನಗೆ.

ಮಾರ್ಚ್ ೨೦

ಅಣ್ಣಾ,

ಔಷಧಿ ದಾರಿಯಲ್ಲಿದೆ ಎಂದು ಅತ್ತಿಗೆಗೆ ಹೇಳಿದ್ದು ಯಾರು? ಬರುತ್ತಿದೆ ಎಂದು ನಂಬಿದವರು ಯಾಕೆ ನೋವು ತೋಡಿಕೊಳ್ಳುತ್ತಾರೆ? ನಿನ್ನೆಯ ಆ ಎರಡರಲ್ಲಿ ಒಂದು ನಿನ್ನದು.

ಇವತ್ತು ಮಧ್ಯಾಹ್ನ ಅತ್ತಿಗೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಮೇಲ್ಮನವಿ ಹಾಕಲು ಅವರ ಒಪ್ಪಿಗೆಯೇ ಬೇಕು, ನಿನ್ನದಲ್ಲ. ಬೈಯುವುದಿದ್ದರೆ ಬೈಯಿ.

ಮಾರ್ಚ್ ೨೦, ಧ್ವನಿ ಸಂದೇಶ

ನಿನ್ನ ಜತೆ ನನಗೆ ಮಾತಿಲ್ಲ. ಅದನ್ನ ಹೇಳಕ್ಕೇ ಇದು. ಹೇಳಬೇಡ ಅಂತ ಬಿಡಿಸಿ ಹೇಳಿದ್ದೆ. ಸಂಜೆ ಮನೆಗೆ ಹೋದ್ರೆ ಅಡುಗೆಮನೇಲಿ ನಿಂತು, 'ಪೆಟ್ಟಿಗೆ ಯಾವ ದಾರೀಲಿದೆ ರೀ? ಸುತ್ತುದಾರೀಲಾ?' ಅಂತಾಳೆ. ಇನ್ನೊಬ್ಬರ ಹೆಂಡತಿ ಆಗಿದ್ರೆ ನಗ್ತಿದ್ದೆ. ಅವಳ ಮನಸ್ಸು ಕೆಡಬಾರದು ಅಂತ ತಾನೇ ಮುಚ್ಚಿಟ್ಟಿದ್ದು? ನೀನು ದೊಡ್ಡ ನ್ಯಾಯಾಧೀಶೆ. ಮಾತಿಲ್ಲ ಅಂದ್ರೆ ಮಾತಿಲ್ಲ. ಮುಗೀತು.

ಏಪ್ರಿಲ್ ೫

ಅಣ್ಣಾ,

ನೀನು ಹದಿನೈದು ದಿನ ಸುಮ್ಮನಿದ್ದದ್ದು ನನಗೆ ನೆನಪಿರುವ ಹಾಗೆ ಇದೇ ಮೊದಲು. ಊಟದ ಬಿಡುವು ಬಣಬಣ ಅನ್ನಿಸುತ್ತಿದೆ.

ಮೇಲ್ಮನವಿಯ ವಿಚಾರಣೆ ಹತ್ತನೇ ತಾರೀಖು, ವಿಡಿಯೊ ಕರೆಯಲ್ಲಿ ಎಂದು ಅತ್ತಿಗೆ ಹೇಳಿದರು. ಅವರು ಹೇಳಿದ ಇನ್ನೊಂದು ವಿಷಯವನ್ನು ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಈ ಮನೆಯಲ್ಲಿ ಎಲ್ಲರ ಗುಟ್ಟೂ ನನ್ನ ಹತ್ತಿರವೇ ಬರುತ್ತದೆ. ನಿನ್ನ ಮಾತು ಮುರಿದ ಮೇಲೆ ಅವರದನ್ನೂ ಮುರಿಯುತ್ತೇನೆ, ಲೆಕ್ಕ ಸರಿಹೋಗಲಿ.

ನೀನು ದಿನಾ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಇಳಿಸಿ ಬರುತ್ತೀಯಲ್ಲ, ಅತ್ತಿಗೆ ತರಗತಿಗೆ ಹೋಗುತ್ತಿಲ್ಲ. ಫೆಬ್ರವರಿಯಿಂದ ಕಚೇರಿಯಲ್ಲಿ ಕೂತು ಹಾಜರಿ ನೋಡಿಕೊಳ್ಳುತ್ತಿದ್ದಾರೆ. ಅವರ ಕೈ ಹೇಳುವುದು ಮಕ್ಕಳಿಗೆ ತಿಳಿಯುತ್ತಿಲ್ಲವಂತೆ. ಜೂನ್ ಹೊತ್ತಿಗೆ ಸರಿಹೋಗದಿದ್ದರೆ ತರಗತಿ ಬೇರೆಯವರದಾಗುತ್ತದೆ.

ಹತ್ತನೇ ತಾರೀಖು ಬೆಳಿಗ್ಗೆ ನೋವಿನ ಮಾತ್ರೆ ಬೇಡ. ಸಾಧ್ಯವಾದರೆ ಒಳ್ಳೆಯ ಸೀರೆಯೂ ಬೇಡ.

ಏಪ್ರಿಲ್ ೭, ಧ್ವನಿ ಸಂದೇಶ

ಕೇಳಿಸ್ಕೊಂಡೆ. ಅಲ್ಲ, ಓದಿದೆ.

ದಿನಾ ಗೇಟಲ್ಲಿ ಇಳಿದು ಒಂದು ಸಲ ತಿರುಗಿ ನೋಡಿ ಹೋಗ್ತಾಳೆ. ಸಂಜೆ, ಇವತ್ತು ಮಕ್ಕಳು ಹಾಗೆ ಮಾಡಿದ್ರು ಹೀಗೆ ಮಾಡಿದ್ರು ಅಂತ ಕಥೆ ಹೇಳ್ತಾಳೆ. ಹೋದ ವರ್ಷದ ಕಥೆಗಳಿರಬೇಕು ಕಣೇ ಅವೆಲ್ಲ. ನಾನು ಹೂಂ ಹೂಂ ಅಂತಿದ್ದೆ.

ನನಗೆ ಗೊತ್ತು ಅಂತ ಅವಳಿಗೆ ಹೇಳಿಲ್ಲ. ಹೇಳಬೇಕಾ? ನೀನೇ ಹೇಳು, ನಿನಗೆ ಗೊತ್ತಾಗುತ್ತೆ. ಹತ್ತನೇ ತಾರೀಖು ಮುಗೀಲಿ, ಆಮೇಲೆ ನೋಡೋಣ.

ಏಪ್ರಿಲ್ ೧೦, ಧ್ವನಿ ಸಂದೇಶ

ಪುಟ್ಟಿ, ಊಟ ಮುಗಿಸಿ ಕೇಳು. ಮಧ್ಯದಲ್ಲಿ ನಿಲ್ಲಿಸಬೇಡ.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ವಿ. ಅವಳು ಮಾತ್ರೆ ತಗೊಂಡಿರಲಿಲ್ಲ, ಮುಖ ಬೆಳ್ಳಗಾಗಿತ್ತು. ಸೀರೆ ಮಾತ್ರ ಒಳ್ಳೇದೇ, ಅಲ್ಲಿ ನನ್ನ ಮಾತು ನಡೀಲಿಲ್ಲ. ಆ ಕಡೆ ಕಂಪನಿ ಡಾಕ್ಟ್ರು, ಕನ್ನಡಕದೋರು, ಹಿಂದೆ ಬರೀ ಬಿಳಿ ಗೋಡೆ. ನಾನು ಶುರು ಮಾಡ್ದೆ. ನಾಲ್ಕು ದಿನದಿಂದ ತಯಾರಾಗಿದ್ದ ಭಾಷಣ, ಕಣೇ. ಪೇಸ್ಟಿನ ಮುಚ್ಚಳದವರೆಗೆ ಬಂದಿದ್ದೆ ಅಷ್ಟೇ, ಅವರು, 'ಸರ್, ದಯವಿಟ್ಟು ನೀವು ಮಾತಾಡಬೇಡಿ. ಅವರು ಹೇಳಲಿ' ಅಂದ್ರು.

'ಹೇಗಿದ್ದೀರಿ ಮೇಡಂ?'

'ಚೆನ್ನಾಗಿದ್ದೀನಿ ಡಾಕ್ಟ್ರೇ. ನಿಮಗೆ ಸುಮ್ಮನೆ ತೊಂದರೆ ಕೊಡ್ತಿದ್ದೀವಿ.'

ನನಗೆ ತಲೆ ಚಚ್ಕೊಳ್ಳೋಣ ಅನ್ನಿಸ್ತು. ಅವಳಿಗೂ ಗೊತ್ತಾಯ್ತು. ಬಾಯಿಂದ ಬಂದುಬಿಡ್ತು, ಪಾಪ. ಆ ಡಾಕ್ಟ್ರು ಏನೋ ಬರ್ಕೋತಿದ್ದಾರೆ. ನಾನು ಮಾತಾಡೋ ಹಾಗಿಲ್ಲ. ಕೈಯಲ್ಲಿ ಹೇಳ್ದೆ. ನನ್ನ ಕೈಭಾಷೆ ಹೇಗೆ ಅಂತ ನಿನಗೆ ಗೊತ್ತಲ್ಲ, ಸೌತೆಕಾಯಿ ಹೆಚ್ಚಿದ ಹಾಗಿರುತ್ತೆ ಅಂತ ಅವಳು ನಗ್ತಾಳೆ. ನಿಮ್ಮಮ್ಮ ಅಂತ ತೋರಿಸಿ, ಕೈಯಲ್ಲಿ ಹೇಳು ಅಂದೆ. ಅಷ್ಟೇ ಬಂದಿದ್ದು ನನಗೆ.

ಅವಳು ಮೇಜಿನ ಕೆಳಗಿಂದ ಕೈ ತೆಗೆದ್ಲು. ಶುರು ಮಾಡಿದ್ಲು.

ನನಗೆ ಗೊತ್ತಾಗ್ಲಿಲ್ಲ, ಪುಟ್ಟಿ. ಮದುವೆ ಆದಾಗಿಂದ ನೋಡಿದ ಕೈ. ಬೆರಳು ಮಡಚೋ ಕಡೆ ಮಡಚ್ತಿಲ್ಲ, ಬಿಡಿಸೋ ಕಡೆ ಬಿಡಿಸ್ತಿಲ್ಲ. ಒಂದೂ ಗೊತ್ತಾಗ್ಲಿಲ್ಲ. ಅವಳು ನನ್ನ ಮುಖ ನೋಡಿ ಮತ್ತೆ ಅದನ್ನೇ ಹೇಳಿದ್ಲು. ಆಗ್ಲೂ ಗೊತ್ತಾಗ್ಲಿಲ್ಲ.

ಡಾಕ್ಟ್ರು ಪೆನ್ನು ಕೆಳಗಿಟ್ಟು, 'ಏನು ಹೇಳ್ತಿದ್ದಾರೆ?' ಅಂದ್ರು. ನಾನು, ಗೊತ್ತಾಗ್ತಿಲ್ಲ ಸ್ವಾಮಿ ಅಂದೆ. ಆಗ ಅವಳೇ ಬಾಯಿ ಬಿಟ್ಲು. ಆದ್ರೆ ಅವಳ ಧ್ವನಿ ಅಲ್ಲ ಅದು. ಸಣ್ಣ ಹುಡುಗಿ ಪಾಠ ಒಪ್ಪಿಸ್ತಾಳಲ್ಲ, ಹಾಗೆ, ಸ್ಪಷ್ಟವಾಗಿ.

'ಅವರಿಗೆ ಬೆಳಿಗ್ಗೆ ಕೈ ಬೆಂಕೀಲಿ ಇಟ್ಟ ಹಾಗಿರುತ್ತೆ ಅಂತಿದ್ದಾರೆ. ಮಧ್ಯಾಹ್ನದವರೆಗೂ ಬೆರಳು ಮಡಚಕ್ಕಾಗಲ್ಲ ಅಂತಿದ್ದಾರೆ. ಶಾಲೇಲಿ ಮಕ್ಕಳು ಅವರ ಕೈ ನೋಡಿ ಅರ್ಥ ಆಗ್ದೆ ಒಬ್ಬರ ಮುಖ ಒಬ್ಬರು ನೋಡ್ತಾರಂತೆ. ಅದನ್ನ ಗಂಡನಿಗೆ ಹೇಳಿಲ್ಲವಂತೆ.'

'ನೋವು ಎಷ್ಟು ಅಂತ ಕೇಳಿ' ಅಂದ್ರು ಡಾಕ್ಟ್ರು. ಅವರೂ ಹಾಗೇ ಕೇಳಿದ್ರು ನೋಡು, ಬೇರೆ ಯಾರನ್ನೋ ಕೇಳಿ ಅನ್ನೋ ಹಾಗೆ.

ಇವಳು ಕೈ ನೋಡ್ಕೊಂಡ್ಲು. 'ಒಂಬತ್ತು ಅಂತಿದ್ದಾರೆ.'

ಅವರು ಪೆನ್ನು ಎತ್ತಿ ಬರ್ಕೊಂಡ್ರು. ಆಮೇಲೆ ಡಾಕ್ಟ್ರು, 'ಅವರಿಗೆ ಹೇಳಿ, ನಾನು ಕೇಳಿಸ್ಕೊಂಡೆ' ಅಂದ್ರು. ಕರೆ ಮುಗೀತು. ನಾವಿಬ್ಬರೂ ಮೇಜಿನ ಹತ್ರ ಹಾಗೇ ಕೂತಿದ್ವಿ. ನಾನೂ ಮಾತಾಡ್ಲಿಲ್ಲ. ನಂಬು.

ಏಪ್ರಿಲ್ ೧೧

ಅಣ್ಣಾ,

ಎರಡು ಸಲ ಕೇಳಿದೆ. ನೀನು ಮೌನವಾಗಿ ಕೂತಿದ್ದನ್ನು ಮಾತ್ರ ನಂಬಲು ಕಷ್ಟ.

ಏಪ್ರಿಲ್ ೨೮, ಧ್ವನಿ ಸಂದೇಶ

ಮೇಲ್ಮನವಿಗೆ ಒಪ್ಪಿಗೆ ಬಂತು ಅಂತ ಆವತ್ತು ಫೋನಲ್ಲಿ ಕುಣಿದಾಡಿದ್ನಲ್ಲ? ವಾಪಸ್ ತಗೋತೀನಿ. ವಿಮಾ ಕಂಪನಿ, ಒಪ್ಪಿಗೆ ಕಳಿಸಿದ್ದೀವಿ ಅನ್ನುತ್ತೆ. ಔಷಧಿ ಕಳಿಸೋ ಕಂಪನಿ, ನಮಗೆ ಬಂದಿಲ್ಲ ಅನ್ನುತ್ತೆ. ಎರಡೂ ಒಂದೇ ಕಟ್ಟಡದಲ್ಲಿದೆಯಂತೆ! ಮೆಟ್ಟಿಲು ಹತ್ತಿ ಹೋಗಿ ಕೇಳಪ್ಪಾ ಅಂದ್ರೆ, 'ಆ ಥರ ವ್ಯವಸ್ಥೆ ಇಲ್ಲ ಸರ್.' ನಿನ್ನೆ ಕೊನೆಗೂ ಪೆಟ್ಟಿಗೆ ಹೊರಟಿತಂತೆ. ಯಾವಾಗ ತಲುಪುತ್ತೆ? 'ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರೊಳಗೆ, ಯಾರಾದ್ರೂ ಮನೇಲಿದ್ದು ಸಹಿ ಮಾಡಬೇಕು.' ಇವತ್ತು ಪಾಠ ಎಲ್ಲಾ ರದ್ದು ಮಾಡಿ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತಿದ್ದೀನಿ. ಬ್ಯಾಂಕ್ ಮೇಡಮ್ಮಿಗೆ ನಾಳೆ ಟೆಸ್ಟು ಬೇರೆ. ಹಾಲಿನವರು ಬಂದ್ರೂ ಎದ್ದು ಸಹಿ ಹಾಕಕ್ಕೆ ಹೋದೆ.

ಮತ್ತೆ ಇದೊಂದು ಕೇಳು. ಒಪ್ಪಿಗೆ ಮೂರೇ ತಿಂಗಳಿಗೆ. ಆಮೇಲೆ ಮತ್ತೆ ಕೇಳ್ತಾರಂತೆ. ವಾಸಿ ಆಗಿದೆ ಅಂದ್ರೆ, ಇನ್ಯಾಕೆ ಔಷಧಿ ಅಂತಾರೆ. ವಾಸಿ ಆಗಿಲ್ಲ ಅಂದ್ರೆ, ಇದು ಕೆಲಸ ಮಾಡ್ತಿಲ್ಲ ನಿಲ್ಲಿಸಿ ಅಂತಾರೆ. ನಾವು ಏನು ಅಂತ ಹೇಳಬೇಕು, ತಾಯಿ?

ಏಪ್ರಿಲ್ ೨೮

ಅಣ್ಣಾ,

'ಈ ಔಷಧಿ ಇರುವುದರಿಂದ ಇಷ್ಟು ಮಾಡಲು ಆಗುತ್ತಿದೆ, ಇಲ್ಲದಿದ್ದಾಗ ಇಷ್ಟೂ ಆಗುತ್ತಿರಲಿಲ್ಲ' ಎಂದು ಹೇಳಬೇಕು. ಪ್ರತಿ ಸಲವೂ, ಅದೇ ಕ್ರಮದಲ್ಲಿ. ಇಬ್ಬರೂ ಬಾಯಿಪಾಠ ಮಾಡಿ.

ಪೆಟ್ಟಿಗೆ ಬಂದ ಕೂಡಲೇ ಫ್ರಿಜ್ಜಿನ ಮಧ್ಯದ ಹಲಗೆಯಲ್ಲಿಡಿ. ಮಂಜುಗಟ್ಟುವ ಮೇಲಿನ ಖಾನೆಯಲ್ಲಿ ಅಲ್ಲ. ಅಲ್ಲಿಟ್ಟರೆ ಔಷಧಿ ಕೆಡುತ್ತದೆ, ನಾನು ಮುಂದಿನ ಬಸ್ಸು ಹಿಡಿದು ಬಂದು ನಿನ್ನನ್ನು ಹೊಡೆಯುತ್ತೇನೆ. ಪರಿಣಾಮ ಕಾಣಲು ಕೆಲವು ವಾರ ಬೇಕು. ಕೆಲವರಿಗೆ ಕಾಣುವುದೇ ಇಲ್ಲ. ಅತ್ತಿಗೆ ಕೇಳಿದರು, ಅವರಿಗೂ ಇದನ್ನೇ ಹೇಳಿದೆ. ಈಗ ಅವರು ನನ್ನನ್ನು ನೇರವಾಗಿ ಕೇಳುತ್ತಾರೆ.

ಜೂನ್ ೧೪, ಧ್ವನಿ ಸಂದೇಶ

ಪುಟ್ಟಿ, ಶಾಲೆ ಹೊರಗೆ ನಿಂತಿದ್ದೀನಿ, ಉಸಿರು ಬಿಡಕ್ಕಾಗ್ತಿಲ್ಲ ನಕ್ಕು ನಕ್ಕು. ಇರು.

ಇವತ್ತು ಅವಳಿಗೆ ತರಗತಿ ಕೊಟ್ರು. ಅರ್ಧ ದಿನ ಅಷ್ಟೇ, ನೋಡೋಣ ಅಂದ್ರಂತೆ. ಎಡಗೈ ಕಿರುಬೆರಳು ಇನ್ನೂ ಸೊಟ್ಟ, ಅದು ಹಾಗೇ ಇರುತ್ತೆ ಅಂದಿದ್ದಾರೆ ಡಾಕ್ಟ್ರು. ತಡ ಆಯ್ತಲ್ಲ. ಆ ತಡಕ್ಕೆ ಯಾರನ್ನ ಕೇಳೋಣ? ಅಮೂಲ್ಯನ್ನ ಕೇಳೋಣ್ವಾ?

ಮಧ್ಯಾಹ್ನ ಕರ್ಕೊಂಡು ಹೋಗಕ್ಕೆ ಬಂದೆ. ಟೀಚರುಗಳ ಕೋಣೆಗೆ ಗಾಜಿನ ಬಾಗಿಲು ಇದೆಯಲ್ಲ, ಹೊರಗೆ ನಿಂತೆ. ಒಳಗೆ ಇವಳು, ಚಿತ್ರ ಬಿಡಿಸೋ ಟೀಚರು. ಮಕ್ಕಳ ಹಾಗೆ ಅವರಿಗೂ ಕಿವಿ ಕೇಳಿಸಲ್ಲ, ಇವಳ ಹಳೇ ಸ್ನೇಹಿತೆ. ಅವರು, ಇಷ್ಟು ದಿನ ಯಾಕೆ ತಡ ಆಯ್ತು ಅಂತ ಕೇಳಿದ್ರು ಅನ್ನಿಸುತ್ತೆ. ಇವಳು ಕೈಯಲ್ಲಿ ಹೇಳಕ್ಕೆ ಶುರು ಮಾಡಿದ್ಲು. ಫೋನು ಕಿವಿಗೆ ಇಟ್ಕೊಂಡು ಕಾಯೋದು. ಅವರು ಇವರನ್ನ ಕೇಳಿ ಅನ್ನೋದು, ಇವರು ಅವರನ್ನ ಕೇಳಿ ಅನ್ನೋದು. ಗಂಡ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದು, ಹಾಲಿನವರಿಗೆ ಸಹಿ ಹಾಕಕ್ಕೆ ಹೋಗಿದ್ದು. ನನ್ನ ನಡಿಗೆ ಕೂಡ ಮಾಡಿ ತೋರಿಸಿದ್ಲು, ಹಾಳಾದೋಳು. ಚಿತ್ರದ ಟೀಚರು ಮೇಜು ಹಿಡ್ಕೊಂಡು ನಗ್ತಿದ್ದಾರೆ. ಗಾಜಿನ ಈ ಕಡೆಯಿಂದ ನನಗೆ ಪೂರ್ತಿ ಅರ್ಥ ಆಯ್ತು ಕಣೇ. ಒಂದು ಅಕ್ಷರ ಬಿಡದೆ.

ಕೊನೇಲಿ ಆ ಕಂಪನಿಗೆ ಒಂದು ಬೈಗುಳ ಬೈದ್ಲು. ಅಂಥದ್ದು ನನ್ನ ಟೀಚರಿಗೆ ಬರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. ಏನು ಅಂತ ಕೇಳಬೇಡ. ಅದನ್ನ ಬಾಯಲ್ಲಿ ಹೇಳಕ್ಕಾಗಲ್ಲ, ಹತ್ತೂ ಬೆರಳು ಬೇಕು. ನನ್ನ ಒಂದು ಕೈಯಲ್ಲಿ ಫೋನಿದೆ.